ನಾಯಿಯ ಫೋಟೋ ತೆಗೆಸುವ ಬ್ರೀಡರ್‌ಗಳೇ, ಎಡ-ಬಲ ಎರಡೂ ನೋಡದೆ ಬಾಕಿ ಹಣ ಕೊಡಬೇಡಿ

ಜಾಹೀರಾತಿಗೆ ಅಂತ ನಾಯಿ, ಮರಿಗಳ ಫೋಟೋ ತೆಗೆಸೋಕೆ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ದುಡ್ಡು ಹೋಯಿತು ಅನ್ನೋದು ಒಂದು ಕಡೆ. ಮರಿ ಕೇಳಿಕೊಂಡು ಬಂದವರ ಮುಂದೆ ಸುಳ್ಳುಗಾರನ ಥರ ನಿಲ್ಲಬೇಕಾಯಿತಲ್ಲ, ಅದು ಇನ್ನೂ ಹೊಟ್ಟೆ ಉರಿಸುತ್ತಿದೆ.

ಕೇಳಿದ್ದು ವಿಶೇಷವಾದದ್ದೇನೂ ಅಲ್ಲ. ಗಂಡು ನಾಯಿಯ ಎಡಬದಿ, ಬಲಬದಿ, ಮುಂದಿನಿಂದ, ಹಿಂದಿನಿಂದ, ತಲೆಯದೊಂದು ಹತ್ತಿರದ ಫೋಟೋ. ಮರಿಗಳದ್ದು ಒಂದೊಂದರದೂ ಬೇರೆ ಬೇರೆ, ಕೊರಳಿನ ಬಣ್ಣದ ಪಟ್ಟಿ ಕಾಣುವ ಹಾಗೆ. ಯಾವ ಬ್ರೀಡರ್ ಆದರೂ ಇಷ್ಟು ಕೇಳೇ ಕೇಳುತ್ತಾರೆ. "ಎಲ್ಲಾ ಗೊತ್ತು ಸಾರ್, ಪ್ರಾಣಿಗಳ ಫೋಟೋನೇ ನಮ್ಮ ಸ್ಪೆಷಾಲಿಟಿ" ಅಂದರು ಫೋಟೋಗ್ರಾಫರ್. ಅಡ್ವಾನ್ಸ್ ಹೋಯಿತು, ಫೋಟೋ ಬಂತು, ಬಾಕಿಯೂ ಹೋಯಿತು, ಜಾಹೀರಾತೂ ಹಾಕಿದ್ದಾಯಿತು.

ಆಮೇಲೆ ಬಂತು ಒಂದು ಫೋನ್. "ಸಾರ್, ಇದು ಒಂದೇ ನಾಯಿನಾ, ಎರಡಾ?"

ನಾಯಿಗೆ ಬಿಳಿ ಪಾದ ಇರೋದು ಎಡ ಮುಂಗಾಲಿಗೆ ಮಾತ್ರ. ಎಡಬದಿ ಫೋಟೋದಲ್ಲಿ ಕ್ಯಾಮೆರಾ ಕಡೆಯ ಮುಂಗಾಲು ಬಿಳಿ, ಸರಿ. ಬಲಬದಿ ಫೋಟೋದಲ್ಲಿ ಆ ಬಿಳಿ ಪಾದ ಆಚೆ ಕಡೆಯ ಕಾಲಿಗೆ ಇರಬೇಕು ತಾನೇ? ಅಲ್ಲೂ ಈಚೆ ಕಡೆಗೇ ಇದೆ! ಎರಡನ್ನೂ ಅಕ್ಕಪಕ್ಕ ಇಟ್ಟು ದೊಡ್ಡದು ಮಾಡಿದರೆ ನಾಲಿಗೆಯ ಮಡಿಕೆ ಅದೇ, ಬಾಲದ ಬಾಗು ಅದೇ, ಹಿಂಗಾಲಿನ ಬೆರಳಿಗೆ ಅಡ್ಡ ಬಂದ ಹುಲ್ಲಿನ ಎಸಳೂ ಅದೇ. ಕಾಲರ್‌ನ ಬಿಲ್ಲೆ ಮೇಲಿನ ಅಕ್ಷರಗಳು ಉಲ್ಟಾ. ಬಲಬದಿಯ ಫೋಟೋ ತೆಗೆದೇ ಇಲ್ಲ. ಎಡಬದಿಯದ್ದನ್ನೇ ಫ್ಲಿಪ್ ಮಾಡಿ ಬಲಬದಿ ಅಂತ ಕೊಟ್ಟು ದುಡ್ಡು ಎಣಿಸಿಕೊಂಡಿದ್ದಾರೆ.

ಕೇಳಿದ್ದಕ್ಕೆ ಬಂದ ಉತ್ತರ: "ಎರಡೂ ಬದಿ ಒಂದೇ ಅಲ್ವಾ ಸಾರ್?"

ಒಂದೇ ಅಲ್ಲ ಸ್ವಾಮಿ! ಗುರುತು ಒಂದೇ ಅಲ್ಲ, ನಿಲುವೂ ಒಂದೇ ಅಲ್ಲ. ಕೊಳ್ಳುವವರು ಎರಡು ಬದಿ ಕೇಳೋದು ಚಂದಕ್ಕಲ್ಲ. ಒಂದು ಬದಿಯಲ್ಲಿ ಗಾಯದ ಕಲೆ ಇರಬಹುದು, ಕಿವಿ ಹರಿದಿರಬಹುದು, ಒಂದು ಹಿಂಗಾಲು ಒಳಕ್ಕೆ ತಿರುಗಿರಬಹುದು. ಒಂದೇ ಬದಿ ತೋರಿಸಿದರೆ ಇನ್ನೊಂದನ್ನು ಮುಚ್ಚಿಟ್ಟ ಹಾಗೆ. ಮುಚ್ಚಿಡೋದಕ್ಕೆ ಏನೂ ಇಲ್ಲದ ನಾಯಿಗೆ ಈ ಅಪವಾದ ಬಂತು, ಅದೇ ಸಂಕಟ.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತೇನೋ. ಬೆನ್ನಿನ ಗೆರೆಯನ್ನೂ ಎಡಿಟ್ ಮಾಡಿದ್ದಾರೆ. ಗೊತ್ತಾಗಿದ್ದು ಹೇಗೆ ಅಂದರೆ, ನಾಯಿಯ ಹಿಂದೆ ಇದ್ದ ಕಾಂಪೌಂಡ್ ಗೋಡೆಯ ಅಂಚು ಉದ್ದಕ್ಕೂ ನೇರವಾಗಿದ್ದು, ಸೊಂಟದ ಹತ್ತಿರ ಬಂದಾಗ ಮಾತ್ರ ಅಲೆಯಂತೆ ಬಾಗಿದೆ. ಬೆನ್ನನ್ನು ಎಳೆದು ನೇರ ಮಾಡಿದಾಗ ಗೋಡೆಯೂ ಜೊತೆಗೆ ಬಂದಿದೆ. ಹೊಟ್ಟೆ ಕೆಳಗಿನ ಹುಲ್ಲು ಉಜ್ಜಿದ ಹಾಗೆ ಕಲಸಿದೆ. ಲೀಶ್ ಅಳಿಸಿ, ಹಿಂದೆ ಬಿದ್ದಿರುವ ಬಕೆಟ್ ಅಳಿಸಿ, ಯಾರೂ ಬೇಡ ಅನ್ನಲ್ಲ. ಬೆನ್ನು, ಕಾಲು, ಮೈಬಣ್ಣ, ಗುರುತು ಇವನ್ನು ಮುಟ್ಟಬಾರದು. ಮುಟ್ಟಿದರೆ ಅದು ಮೋಸ, ಬೇರೆ ಹೆಸರಿಲ್ಲ ಅದಕ್ಕೆ. "ನಿಮ್ಮ ನಾಯಿ ಚೆನ್ನಾಗಿ ಕಾಣಲಿ ಅಂತ ಮಾಡಿದ್ದು, ಥ್ಯಾಂಕ್ಸ್ ಹೇಳಬೇಕು ನೀವು" ಅಂತ ಉತ್ತರ!

ನಾಯಿಯ ಬೆನ್ನು ಸರಿಯಾಗೇ ಇದೆ. ಫೋಟೋದಲ್ಲಿ ಬಾಗಿ ಕಂಡಿದ್ದರೆ ಅದು ನಿಲ್ಲಿಸಿದ ರೀತಿಯಿಂದ. ಮುಂಗಾಲು ಭುಜದ ಕೆಳಗೆ ನೆಟ್ಟಗೆ ಇರಬೇಕು, ಹಿಂಗಾಲಿನ ಹಿಮ್ಮಡಿ ಗೆಣ್ಣಿನಿಂದ ಪಾದದವರೆಗಿನ ಭಾಗ ನೆಲಕ್ಕೆ ಲಂಬವಾಗಿರಬೇಕು. ತಳಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತೆ, ಆದರೆ ಹಿಂಗಾಲು ಹೊಟ್ಟೆಯಡಿಗೆ ಸೇರಿಕೊಂಡರೆ ಯಾವ ನಾಯಿಯ ಬೆನ್ನೂ ಗೂನಾಗುತ್ತೆ. ಕಾಲು ಸರಿಪಡಿಸೋಕೆ ಎರಡು ನಿಮಿಷ ಸಾಕು. ಅದನ್ನು ಬಿಟ್ಟು ಕಂಪ್ಯೂಟರ್ ಮುಂದೆ ಕೂತು ಬೆನ್ನು ಎಳೆದಿದ್ದಾರೆ.

ಇನ್ನು ಎಷ್ಟು ದೂರದಿಂದ ತೆಗೆದರು ಅನ್ನೋದು. ಫೈಲ್ ಮಾಹಿತಿ ತೆಗೆದು ನೋಡಿದರೆ 24 ಮಿ.ಮೀ. ಲೆನ್ಸ್. ಅಷ್ಟು ವೈಡ್ ಲೆನ್ಸಲ್ಲಿ ನಾಯಿ ಫ್ರೇಮ್ ತುಂಬಬೇಕಾದರೆ ಒಂದು ಮೀಟರ್ ಹತ್ತಿರಕ್ಕೆ ಹೋಗಲೇಬೇಕು. ಹತ್ತಿರ ಹೋದರೆ ಕ್ಯಾಮೆರಾಕ್ಕೆ ಹತ್ತಿರದ ಭಾಗ ಊದಿಕೊಳ್ಳುತ್ತೆ, ದೂರದ್ದು ಕುಗ್ಗುತ್ತೆ. ಬದಿಯಿಂದ ತೆಗೆದದ್ದರಲ್ಲಿ ಎದೆಗೂಡು ಪೀಪಾಯಿಯಂತಾಗಿ ತಲೆ ಸಣ್ಣದಾಗಿದೆ. ಎದುರಿನಿಂದ ತೆಗೆದದ್ದರಲ್ಲಿ ತಲೆಯೇ ಮುಕ್ಕಾಲು ನಾಯಿ. ಅದರ ಮೇಲೆ ಇವರು ನಿಂತುಕೊಂಡೇ ಕ್ಲಿಕ್ ಮಾಡಿದ್ದಾರೆ, ಮೇಲಿಂದ ನೋಡಿದಾಗ ಕಾಲು ಗಿಡ್ಡ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ದೊಡ್ಡ ನಾಯಿಗೆ 135 ಮಿ.ಮೀ. ಹಾಕಿ 5 ಮೀಟರ್ ಹಿಂದೆ ನಿಲ್ಲಬೇಕು, 200 ಮಿ.ಮೀ. ಆದರೆ 8 ಮೀಟರ್. ಲೆನ್ಸ್ ನಾಯಿಯ ಮೈಯ ನಡುಮಟ್ಟಕ್ಕೆ ಬರಬೇಕು, ಅಂದರೆ ಮಂಡಿಯೂರಲೇಬೇಕು. ಪ್ಯಾಂಟ್ ಕೊಳೆಯಾಗುತ್ತೆ ಅನ್ನುವವರು ಈ ಕೆಲಸಕ್ಕೆ ಬರಬಾರದು. ಮೊಬೈಲಲ್ಲಾದರೂ 3ಎಕ್ಸ್ ಲೆನ್ಸ್ ಹಾಕಿ 4 ಮೀಟರ್ ಹಿಂದೆ ಸರಿದರೆ ಇವರು ಕೊಟ್ಟಿದ್ದಕ್ಕಿಂತ ಚೆನ್ನಾಗಿ ಬರುತ್ತೆ, ನಿಜವಾಗಲೂ.

"ಬ್ಯಾಕ್‌ಗ್ರೌಂಡ್ ಬ್ಲರ್ ನೋಡಿ ಸಾರ್, ಎಷ್ಟು ಸೂಪರ್" ಅಂತ ತೋರಿಸಿದ ತಲೆಯ ಫೋಟೋ ಎಫ್/1.8, ಅಂದರೆ ಲೆನ್ಸಿನ ಬಾಯಿ ಅಗಲಕ್ಕೆ ತೆರೆದು ತೆಗೆದದ್ದು. ಮೂಗು ಶಾರ್ಪ್, ಕಣ್ಣು ಮಸುಕು. ಫೋಕಸ್ ಕಣ್ಣಿನ ಮೇಲೆ ಇರಬೇಕು ಅನ್ನೋದು ಮೊದಲ ಪಾಠ ಅಲ್ವಾ? ಇಡೀ ನಾಯಿ ಕಾಣುವ ನಿಲುವಿನ ಫೋಟೋಗೆ ಎಫ್/5.6ರಿಂದ 8 ಬೇಕು, ಆಗಲೇ ಆಚೆ ಕಾಲೂ ಸ್ಪಷ್ಟ ಬರೋದು. ಹಿಂಬದಿ ಮಸುಕಾಗಬೇಕಾದರೆ ನಾಯಿಯನ್ನು ಗೋಡೆಯಿಂದ ದೂರ ತಂದು ನಿಲ್ಲಿಸಿ, ಮುಗಿಯಿತು. ಹುಲ್ಲು ಪಾದ ಮುಚ್ಚುವಷ್ಟು ಉದ್ದ ಇದ್ದರೆ ಜಾಗ ಬದಲಿಸಿ, ಪಾದ ಕಾಣದ ಫೋಟೋ ಬ್ರೀಡರ್‌ಗೆ ದಂಡ.

ಮರಿಗಳ ವಿಷಯ ಬರೆದರೆ ಸಿಟ್ಟು ಇನ್ನೂ ಏರುತ್ತೆ. ಹೊಟ್ಟೆ ತುಂಬ ತಿನ್ನಿಸಿದ ಮೇಲೆ ಬಂದರು, ಮರಿಗಳು ಉಬ್ಬಿದ ಹೊಟ್ಟೆಯಲ್ಲಿ ತೂಕಡಿಸುತ್ತಿದ್ದವು. ಊಟಕ್ಕೆ ಮುಂಚೆ ತೆಗೆಯಬೇಕು, ಜಾರದ ಮ್ಯಾಟ್ ಹಾಕಿದ ಮೇಜಿನ ಮೇಲೆ, ಪಕ್ಕದಲ್ಲಿ ಒಬ್ಬರು ಮರಿ ಬೀಳದ ಹಾಗೆ ಕೈ ಅಡ್ಡ ಹಿಡಿದು ನಿಂತಿರಬೇಕು. ಅಲ್ಲಾಡುವ ಮರಿಗೆ ಶಟರ್ ಸೆಕೆಂಡಿನ 1/500ಕ್ಕಿಂತ ನಿಧಾನ ಇಟ್ಟರೆ ಕೈಗೆ ಸಿಗೋದು ಮಬ್ಬು. ಕೋಣೆಯೊಳಗೆ ನೇರ ಫ್ಲಾಶ್ ಹೊಡೆದಿದ್ದಾರೆ, ಎಲ್ಲ ಮರಿಗಳ ಕಣ್ಣೂ ಹೊಳೆಯುವ ದೀಪ. ಕಣ್ಣಿನ ಹಿಂದಿನ ಪದರ ಬೆಳಕನ್ನು ವಾಪಸ್ ಎಸೆಯುತ್ತೆ, ಅದು ಗೊತ್ತಿಲ್ಲದೆ ಪ್ರಾಣಿಗಳ ಸ್ಪೆಷಾಲಿಟಿನಾ? ಕಪ್ಪು ಮರಿ ಫ್ರೇಮ್ ತುಂಬಿದಾಗ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಮಾಡುತ್ತೆ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಬೇಕು. ಬಿಳಿ ಮರಿಗೆ ಏರಿಸಬೇಕು. ಇಲ್ಲಿ ಕಪ್ಪು ಮರಿ ಬೂದು, ಬಿಳಿ ಮರಿಯೂ ಬೂದು. ಬಣ್ಣ ನೋಡಿ ಬುಕ್ ಮಾಡೋರಿಗೆ ಏನು ಹೇಳೋದು?

"ನಾಯಿ ನಿಲ್ಲಲಿಲ್ಲ, ನಾನೇನು ಮಾಡಲಿ" ಅಂದರು. ಮೂಲ ಫೈಲ್ ಕೇಳಿದರೆ "ಅದು ಕೊಡೋ ಪದ್ಧತಿ ಇಲ್ಲ". ಮತ್ತೆ ತೆಗೆದು ಕೊಡಿ ಅಂದರೆ "ಹೊಸ ಬುಕಿಂಗ್ ಆಗುತ್ತೆ". ಕೊನೆಗೆ "ಫೋಟೋ ಕೊಟ್ಟಾಗ ಚೆನ್ನಾಗಿದೆ ಅಂದ್ರಲ್ಲ". ಅದಾದ ಮೇಲೆ ಫೋನೇ ಎತ್ತಲಿಲ್ಲ.

ಬುಕ್ ಮಾಡುವ ಮುಂಚೆ ಬರೆದು ಕೊಡಿ ಅನ್ನಿ: ಎರಡೂ ಬದಿ ಬೇರೆ ಬೇರೆ ಕ್ಲಿಕ್, ಮೈಗೆ ಎಡಿಟ್ ಇಲ್ಲ, ಎಡಿಟ್ ಮಾಡದ ಮೂಲ ಫೈಲ್ ಸಮೇತ. ಕ್ಯಾಮೆರಾದ ಸ್ಕ್ರೀನಲ್ಲೇ ಎಡ-ಬಲ ನೋಡಿ ಆಮೇಲೆ ಅವರನ್ನು ಕಳಿಸಿ. ಬಾಕಿ ಹಣ ಮೂಲ ಫೈಲ್ ಕೈಗೆ ಬಂದ ಮೇಲೆ ಮಾತ್ರ. ಮೂಲ ಫೈಲ್ ಕೊಡಲ್ಲ ಅಂದವರ ಜೊತೆ ಮಾತೇ ಬೇಡ.

ಆ ಉಲ್ಟಾ ಮಾಡಿದ ಫೋಟೋವನ್ನು ಅವರು ತಮ್ಮ ಮಾದರಿ ಆಲ್ಬಂನಲ್ಲಿ ಈಗಲೂ ತೋರಿಸುತ್ತಿದ್ದಾರೆ. ತೆಗೆಯಿರಿ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ಯಾರ ಮಾದರಿ ಆಲ್ಬಂ ನೋಡಿದರೂ ಸರಿ, ಒಂದೇ ನಾಯಿಯ ಎರಡೂ ಬದಿ ಕೇಳಿ, ಕಾಲರ್‌ನ ಬಕಲ್ ಮತ್ತು ಬಿಲ್ಲೆಯನ್ನು ದೊಡ್ಡದು ಮಾಡಿ ನೋಡಿ.