ಬೆಂಗಳೂರಿಗೆ ಹೋದಾಗ ಬಾಡಿಗೆ ಕಾರು ಬೇಕಾ? ಸೆಲ್ಫ್ ಡ್ರೈವ್, ಮೆಟ್ರೊ, ಕ್ಯಾಬ್ ಮೂರನ್ನೂ ನೋಡಿದ ಮೇಲೆ

ಊರಿಂದ ಬೆಂಗಳೂರಿಗೆ ಹೊರಟವರೆಲ್ಲ ಕೇಳುವುದು ಇದನ್ನೇ. ಸೆಲ್ಫ್ ಡ್ರೈವ್ ಕಾರು ತಗೊಳ್ಳೋದಾ, ಮೆಟ್ರೊ-ಆಟೊದಲ್ಲೇ ಓಡಾಡೋದಾ, ಇಲ್ಲ ಡ್ರೈವರ್ ಸಮೇತ ಕ್ಯಾಬ್ ಮಾಡಿಸೋದಾ? ಮೂರನ್ನೂ ಬೇರೆ ಬೇರೆ ಸಲ ಮಾಡಿ ನೋಡಿದ್ದೇನೆ. ನೇರವಾಗಿ ಹೇಳುತ್ತೇನೆ: ನಗರದೊಳಗಿನ ಕೆಲಸಕ್ಕೆ ಬಾಡಿಗೆ ಕಾರು ಬೇಡ. ನಗರ ಬಿಟ್ಟು ಆಚೆ ಹೋಗುವ ದಿನಕ್ಕೆ ಮಾತ್ರ ತಗೊಳ್ಳಿ.

ಆ್ಯಪಿನಲ್ಲಿ ತೋರಿಸುವ ಬಾಡಿಗೆ ನೋಡಿ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಪೆಟ್ರೋಲ್ ನಮ್ಮದು, ಟೋಲ್ ನಮ್ಮದು, ಡೆಪಾಸಿಟ್ ಬೇರೆ ಕಟ್ಟಬೇಕು. ಇಷ್ಟೇ ಕಿಲೋಮೀಟರ್ ಅಂತ ಮಿತಿ ಇದ್ದರೆ, ದಾಟಿದ ಮೇಲೆ ಪ್ರತಿ ಕಿಲೋಮೀಟರಿಗೂ ಕೊಡಬೇಕು. ಇದೆಲ್ಲಕ್ಕಿಂತ ದೊಡ್ಡ ತಲೆನೋವು ಪಾರ್ಕಿಂಗ್. ಮದುವೆ ಸೀರೆ ತರಲು ಚಿಕ್ಕಪೇಟೆಗೆ ಹೋದಾಗ ಕಾರನ್ನು ಫ್ರೀಡಂ ಪಾರ್ಕ್ ಹತ್ತಿರದ ಬಹುಮಹಡಿ ಪಾರ್ಕಿಂಗಿನಲ್ಲಿ ಬಿಟ್ಟು, ಅಲ್ಲಿಂದ ಆಟೊ ಹಿಡಿದೆವು. ಆಮೇಲೆ ಸೀರೆ ಗಂಟು ಹೊತ್ತು ಮತ್ತೆ ಆಟೊ. ಕಾರಿನ ಬಾಡಿಗೆ ಕೊಟ್ಟೂ ಆಟೊದಲ್ಲೇ ಓಡಾಡೋದಾದರೆ ಆ ಕಾರು ಯಾಕೆ, ಅಲ್ವಾ?

ಕಾರು ವಾಪಸ್ ಕೊಟ್ಟಾಗ ಮೊದಲೇ ಇದ್ದ ಗೀರಿಗೆ ಡೆಪಾಸಿಟ್‌ನಿಂದ ದುಡ್ಡು ಹಿಡಿದರು. ತಗೊಳ್ಳುವಾಗ ಮಾಡಿದ್ದ ವಿಡಿಯೊ ಕಳಿಸಿದ ಮೇಲೇ ಬಂತು. ಹಾಗಾಗಿ ಕಾರಿನ ಸುತ್ತ, ಟೈರು, ಮೀಟರು, ಪೆಟ್ರೋಲ್ ಮುಳ್ಳು ಎಲ್ಲ ವಿಡಿಯೊ ಮಾಡಿಕೊಳ್ಳಲೇಬೇಕು. ನಂಬರ್ ಪ್ಲೇಟನ್ನೂ ನೋಡಿ. ಪರವಾನಗಿ ಇರುವ ಸೆಲ್ಫ್ ಡ್ರೈವ್ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟಿನ ಸ್ವಂತ ಕಾರನ್ನು ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ, ಅಪಘಾತವಾದರೆ ಇನ್ಶೂರೆನ್ಸ್ ಕೈಕೊಡಬಹುದು.

ಇನ್ನು ಮೆಟ್ರೊ. ಒಬ್ಬರು, ಇಬ್ಬರು, ಕೈಯಲ್ಲಿ ಒಂದು ಬ್ಯಾಗು, ಇಷ್ಟಿದ್ದರೆ ಯೋಚನೆಯೇ ಬೇಡ. ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿ ಕಡೆಯಿಂದ ತುಮಕೂರು ರಸ್ತೆಯಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕೂರಬೇಕಿಲ್ಲ. ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿದರೆ ಅಲ್ಲೇ ಹಸಿರು ಮಾರ್ಗದ ಸ್ಟೇಷನ್. ಚಿಕ್ಕಪೇಟೆ, ಲಾಲ್‌ಬಾಗ್, ಜಯನಗರ ಎಲ್ಲ ಅದೇ ಮಾರ್ಗದಲ್ಲಿವೆ. ಗಾಂಧಿ ಬಜಾರ್‌ಗೆ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಇಳಿದು ನಡೆಯಬಹುದು. ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ, ವೈಟ್‌ಫೀಲ್ಡ್ ಕಡೆಗೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೊಳೆಯದೆ ಹೋಗಬಹುದು, ನನಗಂತೂ ಇದು ದೊಡ್ಡ ಸಮಾಧಾನ. ಅದೇ ವರ್ಷ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಮಾಡಿದ್ದು ಬೇಜಾರಿನ ವಿಷಯ. ಆದರೂ ಕಾರಿನ ಖರ್ಚಿನ ಮುಂದೆ ಅದು ಜಾಸ್ತಿ ಅಲ್ಲ.

ತೊಂದರೆ ಇರುವುದು ಸ್ಟೇಷನ್‌ನಿಂದ ಮನೆಯವರೆಗೆ. ಆಟೊ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಮುಂದೆ ಕಿಲೋಮೀಟರಿಗೆ 18 ರೂಪಾಯಿ. ಮೀಟರ್ ಹಾಕುವವರು ಸಿಗುವುದು ಅಪರೂಪ, ಹಾಗಾಗಿ ನಾನು ನಮ್ಮ ಯಾತ್ರಿ ಆ್ಯಪಿನಲ್ಲೇ ಕರೆಯುತ್ತೇನೆ. ಮನೆಮಂದಿ ಐದು ಜನ ಇದ್ದರೆ ಎರಡು ಆಟೊ ಬೇಕಾಗುತ್ತದೆ, ಲೆಕ್ಕ ಅಲ್ಲೇ ತಲೆಕೆಳಗಾಗುತ್ತದೆ.

ಆಗ ಡ್ರೈವರ್ ಇರುವ ಕ್ಯಾಬೇ ಸರಿ. ಸಾಮಾನ್ಯವಾಗಿ 8 ಗಂಟೆ, 80 ಕಿಲೋಮೀಟರ್ ಪ್ಯಾಕೇಜ್ ಇರುತ್ತದೆ. ಅಮ್ಮನಿಗೆ ಮಂಡಿ ನೋವು. ಆಸ್ಪತ್ರೆಗೆ ತೋರಿಸಿ, ನೆಂಟರ ಮನೆಗೆ ಹೋಗಿ ಬರಲು ಹೀಗೇ ಮಾಡಿಸಿದ್ದೆವು. ಡ್ರೈವರ್ ಬಾಗಿಲಲ್ಲೇ ಇಳಿಸಿ ಎಲ್ಲೋ ಹೋಗಿ ನಿಲ್ಲಿಸಿಕೊಳ್ಳುತ್ತಿದ್ದರು, ಫೋನ್ ಮಾಡಿದರೆ ಅದೇ ಬಾಗಿಲಿಗೆ ಬರುತ್ತಿದ್ದರು. ನಾನೇ ಓಡಿಸಿದ್ದರೆ ಅಮ್ಮನನ್ನು ಒಬ್ಬರನ್ನೇ ಗೇಟಿನಲ್ಲಿ ಕೂರಿಸಿ ಪಾರ್ಕಿಂಗ್ ಹುಡುಕಬೇಕಿತ್ತು. ವಯಸ್ಸಾದವರು ಜೊತೆಗಿದ್ದರೆ ಇದಕ್ಕೆ ಸಮ ಯಾವುದೂ ಇಲ್ಲ. ಒಂದು ಮಾತು ಮೊದಲೇ ಕೇಳಿಕೊಳ್ಳಿ: ಗಂಟೆ ಲೆಕ್ಕ ನಮ್ಮನ್ನು ಹತ್ತಿಸಿಕೊಂಡಲ್ಲಿಂದಲೋ, ಅವರ ಗ್ಯಾರೇಜ್ ಬಿಟ್ಟಲ್ಲಿಂದಲೋ? ಟ್ರಾಫಿಕ್‌ನಲ್ಲಿ ಕಿಲೋಮೀಟರ್ ಮುಗಿಯುವ ಮುಂಚೆ ಗಂಟೆ ಮುಗಿಯುತ್ತದೆ.

ಹಾಗಾದರೆ ಸೆಲ್ಫ್ ಡ್ರೈವ್ ಯಾವಾಗ? ಲೇಪಾಕ್ಷಿ, ಶಿವಗಂಗೆ, ಮೇಲುಕೋಟೆ, ತಲಕಾಡು, ಇಂಥ ಕಡೆ ಬೆಳಗಾಗುವ ಮುಂಚೆ ಹೊರಟು ಬೇಕಾದಲ್ಲಿ ನಿಲ್ಲಿಸಿಕೊಂಡು ಹೋಗುವ ಖುಷಿ ಬೇರೆ ಯಾವುದರಲ್ಲೂ ಇಲ್ಲ. ಕಾರನ್ನು ಹೊರಡುವ ದಿಕ್ಕಿನಲ್ಲೇ ತಗೊಳ್ಳಿ. ಲೇಪಾಕ್ಷಿಗಾದರೆ ಹೆಬ್ಬಾಳ ಅಥವಾ ಯಲಹಂಕ, ಮೇಲುಕೋಟೆಗಾದರೆ ಕೆಂಗೇರಿ. ಕೆಂಗೇರಿವರೆಗೆ ಮೆಟ್ರೊ ಇದೆ. ಲೇಪಾಕ್ಷಿ ಇರುವುದು ಆಂಧ್ರದಲ್ಲಿ, ಗಡಿ ದಾಟಲು ಪರ್ಮಿಟ್ ಇದೆಯಾ ಅಂತ ಕೇಳಿಯೇ ಹೊರಡಿ. ಭಾನುವಾರ ಸಂಜೆಗೆ ವಾಪಸ್ ಕೊಡುವ ಸಮಯ ಇಟ್ಟುಕೊಳ್ಳಬೇಡಿ. ಇಡೀ ಬೆಂಗಳೂರು ಆ ಹೊತ್ತಿಗೇ ಒಳಗೆ ಬರುತ್ತಿರುತ್ತದೆ, ತಡವಾದರೆ ದಂಡ ಹಾಕುತ್ತಾರೆ. ಮಧ್ಯಾಹ್ನದೊಳಗೆ ಬಂದುಬಿಡಿ, ಇಲ್ಲವೇ ಸೋಮವಾರ ಬೆಳಿಗ್ಗೆವರೆಗೆ ಬುಕ್ ಮಾಡಿ.