ಅಲಾಯ್ ವೀಲ್‌ಗೆ ತೂಕ ಅಂಟಿಸುವಾಗ ಪಕ್ಕದಲ್ಲೇ ನಿಂತು ನೋಡಿ

ಹೊಸ ಟೈರ್ ಹಾಕಿಸುವವರು, ವೀಲ್ ಬ್ಯಾಲೆನ್ಸಿಂಗ್ ಮಾಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಚಕ್ರ ಅದುರದೆ ತಿರುಗಲಿ ಎಂದು ಮಷಿನ್‌ನಲ್ಲಿ ಅಳೆದು ರಿಮ್ಮಿಗೆ ಸಣ್ಣ ಲೋಹದ ತೂಕ ಹಾಕುವುದೇ ಬ್ಯಾಲೆನ್ಸಿಂಗ್. ಟೈರ್ ಅಂಗಡಿಯ ಬಿಲ್ಲಿನಲ್ಲಿ ಅದು ಚಿಕ್ಕ ಮೊತ್ತ. ಹಾಗಾಗಿ ಅದರ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ. ಆ ಕೆಲಸ ಕೆಟ್ಟದಾಗಿ ಮಾಡಿದ್ದರಿಂದ ನಮ್ಮ ಕಾರಿನ ಮುಂದಿನ ಚಕ್ರದೊಳಗಿದ್ದ ತೂಕ, ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರ್‌ಗೆ ತಾಗಿ ಕಿತ್ತುಹೋಯಿತು. ಅದೂ ಹೈವೇಯಲ್ಲಿ, ಮನೆಮಂದಿಯೆಲ್ಲ ಕಾರಿನಲ್ಲಿ ಕೂತಿದ್ದಾಗ.

ನಮ್ಮದು 15 ಇಂಚಿನ ಅಲಾಯ್ ವೀಲ್ ಇರುವ ಕಾರು. ಸಕಲೇಶಪುರಕ್ಕೆ ಹೋಗುವುದಿತ್ತು. ಹೊರಡುವ ಮುಂಚೆ ಬೆಂಗಳೂರಿನಲ್ಲಿ ಮನೆ ಹತ್ತಿರದ ಅಂಗಡಿಯಲ್ಲಿ ಮುಂದಿನ ಎರಡೂ ಟೈರ್ ಬದಲಿಸಿದೆವು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಕೂಡ ಅಲ್ಲೇ ಆಯಿತು. ಗಿರಾಕಿಗಳು ಒಳಗೆ ಬರುವ ಹಾಗಿಲ್ಲ, ಗಾಜಿನ ಆಚೆ ಕುರ್ಚಿ ಹಾಕಿದ್ದರು. ಸುಮಾರು ಹೊತ್ತಿನ ಮೇಲೆ ಹುಡುಗ ಬಂದು, "ಆಯ್ತು ಸರ್, ಎರಡೂ ಸೊನ್ನೆ ಬಂದಿದೆ" ಅಂದ. ಇನ್ನು ತೂಕ ಬೇಕಿಲ್ಲ ಎಂದು ಮಷಿನ್ ತೋರಿಸುತ್ತಿದೆ ಎಂದರ್ಥ. ಬಿಲ್ಲಿನಲ್ಲಿ ಎರಡು ಚಕ್ರಕ್ಕೆ ಸೇರಿ 110 ಗ್ರಾಂ ತೂಕ ಎಂದು ಬರೆದಿತ್ತು. ಅಲಾಯ್ ವೀಲ್‌ಗೆ ಅಂಟಿಸುವ ತೂಕಕ್ಕೆ ಬಹಳ ಕಡೆ ಗ್ರಾಂ ಲೆಕ್ಕದಲ್ಲೇ ದುಡ್ಡು ತೆಗೆದುಕೊಳ್ಳುತ್ತಾರೆ, ಗೊತ್ತಲ್ವಾ. ಈ ಗ್ರಾಂ ಲೆಕ್ಕವನ್ನು ನೆನಪಿಟ್ಟುಕೊಳ್ಳಿ.

ಊರೊಳಗೆ ಏನೂ ಗೊತ್ತಾಗಲಿಲ್ಲ. ನೆಲಮಂಗಲ ದಾಟಿ ಹಾಸನ ರಸ್ತೆ ಹಿಡಿದ ಮೇಲೆ 85ರ ಹತ್ತಿರ ಸ್ಟೇರಿಂಗ್ ಸಣ್ಣಗೆ ನಡುಗಲು ಶುರುವಾಯಿತು. 95ಕ್ಕೆ ಹೋದರೆ ಕೈ ಜುಮ್ ಎನ್ನುವಷ್ಟು. 70ಕ್ಕೆ ಇಳಿಸಿದರೆ ಎಲ್ಲ ಶಾಂತ. ಅಂಗಡಿಗೆ ಫೋನ್ ಮಾಡಿದರೆ, "ಹೊಸ ಟೈರ್ ಅಲ್ವಾ ಸರ್, ಸ್ವಲ್ಪ ಓಡಿದರೆ ಸೆಟ್ ಆಗುತ್ತೆ" ಎಂಬ ಉತ್ತರ. ಕುಣಿಗಲ್ ಕಳೆದ ಮೇಲೆ ಒಂದು ಕಡೆ ಹಂಪ್ ಅಂತ ನಿಧಾನ ಮಾಡಿದಾಗ ಎಡಗಡೆ ಮುಂದಿನಿಂದ ಟಿಕ್ ಟಿಕ್ ಸದ್ದು ಕೇಳಿಸಿತು. ಚಕ್ರ ಒಂದು ಸುತ್ತು ಬಂದರೆ ಒಂದು ಟಿಕ್. ನಿಲ್ಲಿಸಿ ಟೈರ್‌ಗೆ ಕಲ್ಲು ಸಿಕ್ಕಿಕೊಂಡಿದೆಯಾ ನೋಡಿದೆವು. ಏನೂ ಕಾಣಲಿಲ್ಲ. ಯಡಿಯೂರು ದಾಟಿದ ಮೇಲೆ ಎಡ ಚಕ್ರದ ಒಳಗಿಂದ ಪಟ್ ಎಂದು ಏನೋ ಹೊಡೆದ ಶಬ್ದ ಬಂತು. ಮರುಕ್ಷಣವೇ ಸ್ಟೇರಿಂಗ್ ಎಷ್ಟು ಅದುರಿತೆಂದರೆ ಹಿಂದೆ ಕೂತಿದ್ದ ಅಮ್ಮ ಟೈರ್ ಸಿಡಿಯಿತು ಎಂದೇ ಹೆದರಿದರು. ಪಕ್ಕದ ಲೇನ್‌ನಲ್ಲಿ ಲಾರಿ ಇತ್ತು. ಅಲ್ಲಿಂದ ಹಾಸನದವರೆಗೆ 50ರ ಮೇಲೆ ಹೋಗಲಿಲ್ಲ.

ಇಷ್ಟು ಸಣ್ಣ ತೂಕಕ್ಕೆ ಇಷ್ಟೊಂದು ಅದುರುತ್ತಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ನಮ್ಮಂಥ ಕಾರಿನ ಚಕ್ರ 100 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ರಿಮ್ಮಿನ ಒಳಗೆ ಒಂದು ಬದಿಯಲ್ಲಿ 50 ಗ್ರಾಂ ಹೆಚ್ಚು ಕಡಿಮೆಯಾದರೆ, ಆ ವೇಗದಲ್ಲಿ ಅದು ಆರೇಳು ಕೆಜಿ ಬಲದಿಂದ ಚಕ್ರವನ್ನು ಎಳೆಯುತ್ತದೆ. ಪ್ರತಿ ಸುತ್ತಿಗೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಒದ್ದೆ ಬಟ್ಟೆಯೆಲ್ಲ ಒಂದೇ ಕಡೆ ಸೇರಿಕೊಂಡಾಗ ವಾಷಿಂಗ್ ಮಷಿನ್ ಕುಣಿಯುವುದೂ ಇದೇ ಕಾರಣಕ್ಕೆ. ವೇಗ ಅರ್ಧಕ್ಕೆ ಇಳಿದರೆ ಈ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಟೆಸ್ಟ್ ಡ್ರೈವ್ ಮಾಡಿದರೆ ಬ್ಯಾಲೆನ್ಸಿಂಗ್ ದೋಷ ಸಿಗದೇ ಇರುವುದು ಅದಕ್ಕೇ.

ಹಾಸನದಲ್ಲಿ ಪರಿಚಯದವರು ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಅವರು ಎಡ ಚಕ್ರ ಬಿಚ್ಚಿ ತಿರುಗಿಸಿ ತೋರಿಸಿದಾಗ ನಿಜವಾಗಲೂ ಸಿಟ್ಟು ಬಂತು.

ಹಳೇ ಟೈರ್‌ಗೆ ಎಂದು ಹಾಕಿದ್ದ 40 ಗ್ರಾಂ ತೂಕ ಹಾಗೇ ಇತ್ತು. ಟೈರ್ ಬದಲಾದ ಮೇಲೆ ಆ ತೂಕಕ್ಕೆ ಅರ್ಥವೇ ಇಲ್ಲ. ಭಾರ ಎಲ್ಲಿದೆ ಎನ್ನುವುದೇ ಬದಲಾಗಿರುತ್ತದೆ. ಅದನ್ನು ಕೀಳದೇ ಚಕ್ರವನ್ನು ಮಷಿನ್ ಮೇಲೆ ತಿರುಗಿಸಿದ್ದಾರೆ. ಮಷಿನ್ ಪಾಪ ಏನು ಮಾಡುತ್ತದೆ? ಆ 40 ಗ್ರಾಮನ್ನೂ ಸೇರಿಸಿ ಅಳೆದು, ಎದುರು ಬದಿಗೆ 50 ಗ್ರಾಂ ಹಾಕು ಎಂದು ಹೇಳಿದೆ. ಹಾಕಿದ್ದಾರೆ, ಬಿಲ್ ಮಾಡಿದ್ದಾರೆ. ಅದರಲ್ಲಿ ಬಹುಪಾಲು ಹಳೇ ತೂಕವನ್ನು ಸರಿದೂಗಿಸಲು ಹಾಕಿದ ತೂಕ. ಗ್ರಾಂ ಲೆಕ್ಕದ ಬಿಲ್ ಇರುವ ಕಡೆ ಹಳೆಯದನ್ನು ಕೀಳದಿದ್ದರೆ ಅಂಗಡಿಗೆ ಲಾಭ, ಕೆಲಸವೂ ಕಡಿಮೆ.

ಆ 50 ಗ್ರಾಂ ಎಲ್ಲಿತ್ತು ಎನ್ನುವುದು ಇನ್ನೂ ಕೆಟ್ಟದು. ಜಾಗ ಸಾಲದೆ ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಅಂಟಿಸಿದ್ದರು. ಅಲಾಯ್ ವೀಲ್‌ನ ಒಳಗೆ ಸ್ಪೋಕ್‌ಗಳ ಹಿಂದೆ ಅಂಟಿಸಿದ ತೂಕಕ್ಕೂ ಬ್ರೇಕ್ ಕ್ಯಾಲಿಪರ್‌ಗೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ಜಾಗ. ಒಂದು ಪದರ ಇದ್ದರೆ ದಾಟಿ ಹೋಗುತ್ತದೆ. ಎರಡು ಪದರ ಇದ್ದಾಗ ಮೇಲಿನದು ಕ್ಯಾಲಿಪರ್‌ಗೆ ಸವರುತ್ತದೆ. ಆ ಟಿಕ್ ಟಿಕ್ ಸದ್ದು ಅದೇ. ಸವರಿ ಸವರಿ ಅಂಟು ಸಡಿಲಾಗಿ ಎರಡೂ ಪಟ್ಟಿ ಒಟ್ಟಿಗೇ ಕಿತ್ತುಹೋಗಿದ್ದವು. ಅಂಟಿನ ಕರಿ ಗುರುತು, ಕ್ಯಾಲಿಪರ್ ಮೇಲೆ ಹೊಳೆಯುವ ಗೀರು, ರಿಮ್ಮಿನ ಒಳಮೈಯಲ್ಲಿ ಉದ್ದಕ್ಕೆ ಒಂದು ಗಾಯ ಉಳಿದಿತ್ತು. 50 ಗ್ರಾಂ ಹೋಯಿತು, ಎದುರಿನ ಹಳೇ 40 ಗ್ರಾಂ ಒಂಟಿಯಾಗಿ ಉಳಿಯಿತು. ಅದಕ್ಕೇ ಅಷ್ಟು ಅದುರಿದ್ದು.

ಆದರೆ ತೂಕ ಕಿತ್ತುಹೋಗುವ ಮುಂಚೆಯೂ ಸ್ಟೇರಿಂಗ್ ನಡುಗುತ್ತಿತ್ತಲ್ಲ, ಮಷಿನ್‌ನಲ್ಲಿ ಸೊನ್ನೆ ಬಂದಿದ್ದು ಸುಳ್ಳಾ? ಸುಳ್ಳಲ್ಲ. ಎಲ್ಲರಿಗೂ ತಿಳಿದಿರಲಿ ಎಂದು ನಾನು ಬಯಸುವುದು ಇದನ್ನೇ.

ಚಕ್ರಕ್ಕೆ ಅಗಲ ಇದೆ. ಒಳ ಅಂಚಿನಲ್ಲಿ ಒಂದು ಕಡೆ ಭಾರ, ಹೊರ ಅಂಚಿನಲ್ಲಿ ಅದಕ್ಕೆ ನೇರ ಎದುರಿಗೆ ಅಷ್ಟೇ ಭಾರ ಇದೆ ಅಂದುಕೊಳ್ಳಿ. ಒಟ್ಟಾರೆ ಲೆಕ್ಕದಲ್ಲಿ ಎರಡೂ ಸರಿಹೋಗುತ್ತವೆ. ಮೇಲೆ ಕೆಳಗೆ ಕುಣಿಯುವುದಿಲ್ಲ. ಆದರೆ ಚಕ್ರ ಎಡಕ್ಕೆ ಬಲಕ್ಕೆ ತೊನೆಯುತ್ತದೆ, ಅದು ಸ್ಟೇರಿಂಗ್‌ಗೆ ಬರುತ್ತದೆ. ಇದನ್ನು ಸರಿಮಾಡಲು ಒಳಗೊಂದು, ಹೊರಗೊಂದು, ಎರಡು ಸಾಲಿನಲ್ಲಿ ತೂಕ ಬೇಕು. ಇದಕ್ಕೆ ಡೈನಾಮಿಕ್ ಬ್ಯಾಲೆನ್ಸಿಂಗ್ ಎನ್ನುತ್ತಾರೆ. ಸ್ಟ್ಯಾಟಿಕ್ ಮೋಡ್ ಒತ್ತಿದರೆ ಮಷಿನ್ ಒಟ್ಟಾರೆ ಲೆಕ್ಕ ಮಾತ್ರ ನೋಡಿ ಒಂದೇ ಜಾಗ ತೋರಿಸುತ್ತದೆ. ಬೈಕಿನ ಕಿರಿದಾದ ಚಕ್ರಕ್ಕೆ ಅದು ನಡೆಯುತ್ತದೆ. ಕಾರಿನ ಅಗಲವಾದ ಚಕ್ರಕ್ಕೆ ಸಾಲುವುದಿಲ್ಲ. ಒಂದೇ ಕಡೆ ಅಂಟಿಸಿದರೆ ಮುಗಿಯಿತು, ಕೆಲಸ ಬೇಗ ಆಗುತ್ತದೆ. ಅದಕ್ಕೇ ಕೆಲವರು ಆ ಬಟನ್ ಒತ್ತುತ್ತಾರೆ. ನಮ್ಮ ಬಲ ಚಕ್ರದಲ್ಲೂ ಇದ್ದದ್ದು ಒಂದೇ ಸಾಲು.

ಇನ್ನೊಂದು ಮೋಸ ಮೋಡ್ ಆಯ್ಕೆಯಲ್ಲಿ ಆಗುತ್ತದೆ. ಬ್ಯಾಲೆನ್ಸಿಂಗ್ ಮಷಿನ್‌ಗೆ ಮೂರು ಅಳತೆ ಕೊಡಬೇಕು. ಮಷಿನ್‌ನಿಂದ ರಿಮ್ಮಿಗಿರುವ ದೂರ, ರಿಮ್ಮಿನ ಅಗಲ, ವ್ಯಾಸ. ಜೊತೆಗೆ ತೂಕ ಎಲ್ಲಿ ಕೂರುತ್ತದೆ ಎಂದೂ ಹೇಳಬೇಕು. ರಿಮ್ಮಿನ ಅಂಚಿಗೆ ಹೊಡೆಯುವ ಕ್ಲಿಪ್ ತೂಕವೋ, ಒಳಗೆ ಅಂಟಿಸುವುದೋ? ಅಂಚು ಮಧ್ಯದಿಂದ ದೂರ, ಒಳಮೈ ಹತ್ತಿರ. ಹತ್ತಿರದಲ್ಲಿ ಅಂಟಿಸಿದರೆ ಅದೇ ಕೆಲಸಕ್ಕೆ ಜಾಸ್ತಿ ತೂಕ ಬೇಕು. ಕ್ಲಿಪ್ ಮೋಡ್‌ನಲ್ಲಿ ಅಳೆದು, ಬಂದ ಗ್ರಾಂ ಅನ್ನು ಸ್ಪೋಕ್ ಹಿಂದೆ ಅಂಟಿಸಿದರೆ ಗ್ರಾಂ ತಪ್ಪು, ಸಾಲೂ ತಪ್ಪು. ಮುಂಚಿನ ಕಾರಿನ ಅಳತೆಯನ್ನೇ ಬಿಟ್ಟು ತಿರುಗಿಸುವವರೂ ಇದ್ದಾರೆ.

ಸೊನ್ನೆಯ ವಿಷಯಕ್ಕೆ ಬಂದರೆ, ಬಹುತೇಕ ಮಷಿನ್‌ಗಳು 5 ಗ್ರಾಂ ಹಂತದಲ್ಲಿ ತೋರಿಸುತ್ತವೆ. ಒಂದು ಮಿತಿಗಿಂತ ಕಡಿಮೆ ಇದ್ದರೆ ಸೊನ್ನೆ ಎಂದೇ ಬರುತ್ತದೆ. ಅದು ಪರವಾಗಿಲ್ಲ. ದೊಡ್ಡ ತೊಂದರೆ ಎಂದರೆ ಚಕ್ರ ಮಷಿನ್ ಮೇಲೆ ನೆಟ್ಟಗೆ ಕೂರದೇ ಇರುವುದು. ಮಧ್ಯದ ತೂತಿಗೆ ಸರಿಯಾದ ಕೋನ್ (ಚಕ್ರವನ್ನು ಶಾಫ್ಟಿನ ನಡುವಿಗೆ ಕೂರಿಸುವ ಶಂಕುವಿನಾಕಾರದ ಭಾಗ) ಹಾಕದಿದ್ದರೆ, ಕೋನ್ ಸವೆದಿದ್ದರೆ, ಹಬ್ ಕೂರುವ ಜಾಗದಲ್ಲಿ ತುಕ್ಕು ಮಣ್ಣು ಇದ್ದರೆ ಚಕ್ರ ಸ್ವಲ್ಪ ಪಕ್ಕಕ್ಕೆ ಕೂರುತ್ತದೆ. ಆಗ ಮಷಿನ್ ಮೇಲೆ ಸೊನ್ನೆ, ಕಾರಿನಲ್ಲಿ ನಡುಕ. ಹಾಸನದ ಮೆಕ್ಯಾನಿಕ್ ಇದಕ್ಕೆ ಸುಲಭವಾದ ಪರೀಕ್ಷೆ ತೋರಿಸಿದರು. ಸೊನ್ನೆ ಬಂದ ಮೇಲೆ ಲಾಕ್ ಸಡಿಲ ಮಾಡಿ, ಶಾಫ್ಟ್ ಅಲುಗದ ಹಾಗೆ ಹಿಡಿದು, ಚಕ್ರವನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿ ಮಾಡಿ ಓಡಿಸುವುದು. ಸೊನ್ನೆಯೋ 5 ಗ್ರಾಮೋ ಬಂದರೆ ಸರಿ. 20, 25 ಎಂದು ಬಂದರೆ ಚಕ್ರ ಕೂತಿದ್ದೇ ತಪ್ಪು. ಎರಡು ನಿಮಿಷದ ಕೆಲಸ. ಅನುಮಾನ ಇದ್ದರೆ ಕೇಳಿ ಮಾಡಿಸಿ. ಒಲ್ಲೆ ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

ಅವರು ನಮ್ಮ ಎಡ ಚಕ್ರದ ಹಳೇ ತೂಕವನ್ನೆಲ್ಲ ಕಿತ್ತು, ಒಳಗೆ ಒಣಗಿದ್ದ ಮಣ್ಣು ಕೆರೆದು, ಕೋನ್ ಒರೆಸಿ ಅಳೆದಾಗ ಬೇಕಾಗಿದ್ದು ಒಳ ಸಾಲಿಗೆ 15 ಗ್ರಾಂ, ಹೊರ ಸಾಲಿಗೆ 10 ಗ್ರಾಂ. 40ರ ಎದುರು 50 ಇದ್ದ ಜಾಗದಲ್ಲಿ ಒಟ್ಟು 25! ಅಂಟಿಸುವ ಮುಂಚೆ ಆ ಜಾಗವನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದರು. ಬ್ರೇಕ್ ಪುಡಿ, ಎಣ್ಣೆ, ಟೈರ್ ಪಾಲಿಶ್ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಪೆಟ್ರೋಲ್‌ನಲ್ಲಿ ಒರೆಸುತ್ತೇನೆ ಅಂದರೆ ಬೇಡ ಅನ್ನಿ, ಅದು ಎಣ್ಣೆಯ ಪದರ ಬಿಡುತ್ತದೆ. ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಅಂಟು ಪೂರ್ತಿ ಬಿಗಿಯಾಗಲು ಎರಡು ಮೂರು ದಿನ ಹಿಡಿಯುತ್ತದೆ, ಅಷ್ಟರೊಳಗೆ ಪ್ರೆಶರ್ ವಾಶ್ ಮಾಡಿಸಬೇಡಿ. ಚಕ್ರ ಕಾರಿಗೆ ಹಾಕಿದ ಮೇಲೆ, ಜಾಕ್ ಇಳಿಸುವ ಮುಂಚೆ, ಅವರು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಕ್ಯಾಲಿಪರ್‌ಗೆ ತಾಗುತ್ತದಾ ಎಂದು ಕಿವಿಗೊಟ್ಟು ಕೇಳಿದರು. ಬೆಂಗಳೂರಿನಲ್ಲಿ ಈ ಒಂದು ಸುತ್ತು ತಿರುಗಿಸಿದ್ದರೂ ಸಾಕಿತ್ತು.

ಈಗ ಸೀಸದ ಬದಲು ಕಬ್ಬಿಣದ ಪಟ್ಟಿಗಳು ಜಾಸ್ತಿ ಬರುತ್ತಿವೆ. ಸೀಸ ವಿಷ, ಯುರೋಪ್ ಒಕ್ಕೂಟದಲ್ಲಿ 2005ರ ಜುಲೈನಿಂದ ಕಾರಿನ ಚಕ್ರಕ್ಕೆ ಹೊಸದಾಗಿ ಸೀಸದ ತೂಕ ಹಾಕುವ ಹಾಗಿಲ್ಲ. ಕಬ್ಬಿಣ ಬಂದಿದ್ದು ಒಳ್ಳೆಯದೇ. ಆದರೆ ಕಬ್ಬಿಣ ಸೀಸಕ್ಕಿಂತ ಹಗುರ, ಅಷ್ಟೇ ಗ್ರಾಮಿಗೆ ಹೆಚ್ಚು ಜಾಗ ತಿನ್ನುತ್ತದೆ. ಜಾಗ ಸಾಲಲಿಲ್ಲವೆಂದು ಪದರ ಹಾಕುವ ಆಸೆ ಇನ್ನೂ ಹೆಚ್ಚಾಗುತ್ತದೆ. ಜಾಗ ಸಾಲದಷ್ಟು ತೂಕ ಕೇಳುತ್ತಿದೆ ಎಂದರೆ ಮೊದಲು ಟೈರನ್ನು ರಿಮ್ಮಿನ ಮೇಲೆ ತಿರುಗಿಸಿ ಕೂರಿಸಿ ನೋಡಬೇಕು. ಹೊಸ ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಸಾಮಾನ್ಯವಾಗಿ ಹಗುರವಾದ ಜಾಗದ ಗುರುತು, ಅದನ್ನು ವಾಲ್ವ್ ಹತ್ತಿರ ಕೂರಿಸುತ್ತಾರೆ. ಆದರೂ ಇಳಿಯದಿದ್ದರೆ ರಿಮ್ ಬೆಂಡ್ ಆಗಿರಬಹುದು. ಪಂಕ್ಚರ್‌ಗೆಂದು ಒಳಗೆ ಸೀಲಂಟ್ ದ್ರವ ಹಾಕಿಸಿದ್ದರೂ ಅಷ್ಟೇ. ಅದು ಒಳಗೆ ಹರಿದಾಡುತ್ತಿದ್ದರೆ ಪ್ರತಿ ಸಲವೂ ಬೇರೆ ಬೇರೆ ಅಂಕಿ ಬರುತ್ತದೆ.

ಅಲಾಯ್ ರಿಮ್ಮಿನ ಅಂಚಿಗೆ ಸ್ಟೀಲ್ ರಿಮ್ಮಿನ ಕ್ಲಿಪ್ ಹೊಡೆಯಲು ಬಿಡಬೇಡಿ. ಅಂಚಿನ ಆಕಾರ ಬೇರೆ. ಕ್ಲಿಪ್ ಕಚ್ಚುವುದಿಲ್ಲ, ಬಣ್ಣ ಕಿತ್ತು ಬರುತ್ತದೆ.

ವಾಪಸ್ ಬಂದು ಬೆಂಗಳೂರಿನ ಅಂಗಡಿಯವರಿಗೆ ಗೀರು ಬಿದ್ದ ಕ್ಯಾಲಿಪರ್ ಫೋಟೋ ತೋರಿಸಿದೆ. ರಸ್ತೆ ಸರಿ ಇಲ್ಲ ಅಂದರು. ಆಮೇಲೆ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿ, ಸಸ್ಪೆನ್ಷನ್ ಭಾಗವಾದ ಲಿಂಕ್ ರಾಡ್ ಹೋಗಿರಬಹುದು ಅಂದರು. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರ್ ಒಂದೇ ಬದಿ ಸವೆಯುತ್ತದೆ. ಒಂದು ವೇಗದಲ್ಲಿ ಮಾತ್ರ ಬಂದು ಹೋಗುವ ನಡುಕಕ್ಕೆ ಮೊದಲು ಬ್ಯಾಲೆನ್ಸಿಂಗ್ ನೋಡಬೇಕು. ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹೆಚ್ಚಾಗಿ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ. ಇದನ್ನೆಲ್ಲ ಹೇಳಿದ ಮೇಲೆ ತೂಕದ ದುಡ್ಡು ಮಾತ್ರ ವಾಪಸ್ ಕೊಟ್ಟರು. ಗೀರು ಬಿದ್ದ ರಿಮ್ಮಿಗೆ ಏನೂ ಇಲ್ಲ. ನಾನು ಕೇಳಿದ್ದು ದುಡ್ಡಿಗಿಂತ ಹೆಚ್ಚಾಗಿ, ಇನ್ನು ಮುಂದೆ ಹಳೇ ತೂಕ ಕಿತ್ತ ಮೇಲೆಯೇ ಮಷಿನ್‌ಗೆ ಹಾಕಿ ಎಂದು. ಅದಕ್ಕೆ ಉತ್ತರ ಬರಲಿಲ್ಲ.

ಮಳೆಗಾಲದಲ್ಲಿ ಮಲೆನಾಡಿನ ಕಡೆ ಓಡಾಡುವವರಿಗೆ ಒಂದು ಮಾತು. ಕೆಸರಿನಲ್ಲಿ ಹೋಗಿ ಬಂದ ಮೇಲೆ ರಿಮ್ಮಿನ ಒಳಗೆ ಮಣ್ಣು ಮೆತ್ತಿ ಒಣಗಿದರೂ ಇಂಥದ್ದೇ ನಡುಕ ಬರುತ್ತದೆ. ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮುಂಚೆ ಒಳಭಾಗ ತೊಳೆದು ಓಡಿಸಿ ನೋಡಿ.

ಇತ್ತೀಚೆಗೆ ಟೈರ್ ಹಾಕಿಸಿದವರು ಇವತ್ತೇ ಮೊಬೈಲ್ ಟಾರ್ಚ್ ಹಿಡಿದು ಸ್ಪೋಕ್‌ಗಳ ನಡುವಿನಿಂದ ಒಳಗೆ ನೋಡಿ. ಒಂದರ ಮೇಲೊಂದು ಪಟ್ಟಿ ಕಂಡರೆ, ಎದುರು ಬದುರು ಉದ್ದುದ್ದ ಪಟ್ಟಿಗಳು ಕಂಡರೆ, ತೂಕದ ಮೇಲೆ ಹೊಸ ಗೀರು ಹೊಳೆಯುತ್ತಿದ್ದರೆ, ಹೈವೇಗೆ ಹೋಗುವ ಮುಂಚೆ ಆ ಚಕ್ರ ಬಿಚ್ಚಿಸಿ. ಎಲ್ಲ ತೂಕ ಕೀಳಿಸಿ, ಮೊದಲಿನಿಂದ ಅಳೆಸಿ.