ಬಾತು ಶಿಕಾರಿಗೆ 14 ಅಡಿಯ ತಗಡಿನ ದೋಣಿ: ಮೂರು ಸೀಸನ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ದೋಣಿ ಚೆನ್ನಾಗಿದೆ. ಅದರ ಜೊತೆ ಬಂದ ಟ್ರೇಲರ್, ಅಂದರೆ ದೋಣಿ ಹೇರಿ ಕಾರಿನ ಹಿಂದೆ ಎಳೆಯುವ ಗಾಡಿ, ಚೆನ್ನಾಗಿರಲಿಲ್ಲ. ಆ ಕತೆ ಆಮೇಲೆ.

ನಾನಿರುವುದು ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡ್‌ನಲ್ಲಿ. ಊರು ಕುಂದಾಪುರದ ಹತ್ತಿರ, ಗಂಗೊಳ್ಳಿ ಅಳಿವೆಯ ಕಡೆ. ಹಾಗಾಗಿ ದೋಣಿ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅನ್ನುವ ಜಂಬ ಇತ್ತು. ಆಫೀಸಿನ ಗೆಳೆಯನೊಬ್ಬ ಬಾತು ಶಿಕಾರಿಗೆ ಕರೆದುಕೊಂಡು ಹೋಗಿ ಹುಚ್ಚು ಹಿಡಿಸಿದ. ಎರಡು ಚಳಿಗಾಲ ಅವನ ದೋಣಿಯಲ್ಲೇ ಪುಕ್ಕಟೆ ಸವಾರಿ ಮಾಡಿದ ಮೇಲೆ ನಾಚಿಕೆಯಾಗಿ ನನ್ನದೇ ಒಂದು ನೋಡೋಣ ಅಂತ ಹೊರಟೆ. (ಊರಿನವರು ಬೈಯುವ ಮೊದಲೇ ಹೇಳುತ್ತೇನೆ: ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬಾತು ಹೊಡೆಯುವುದು ಅಪರಾಧ. ಇಲ್ಲಿ ಲೈಸೆನ್ಸ್ ಇದೆ, ದಿನಕ್ಕೆ ಆರು ಅನ್ನುವ ಮಿತಿ ಇದೆ, 25 ಡಾಲರಿನ ಡಕ್ ಸ್ಟ್ಯಾಂಪ್ ಅನ್ನುವ ಸರ್ಕಾರಿ ಚೀಟಿ ಇದೆ. ಆ ಸ್ಟ್ಯಾಂಪಿನ ದುಡ್ಡು ಹೆಚ್ಚುಕಡಿಮೆ ಪೂರ್ತಿ ಬಾತುಗಳು ಇಳಿಯುವ ಜೌಗು ಜಾಗ ಕೊಂಡು ಉಳಿಸುವುದಕ್ಕೇ ಹೋಗುತ್ತದೆ, 1934ರಿಂದ.)

ನಾವು ಹೋಗುವುದು ಹೆಚ್ಚಾಗಿ ಕ್ರಿಸ್‌ಮಸ್ ಬೇ ಕಡೆ. 288ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದರೆ ಫ್ರೀಪೋರ್ಟ್, ಅದರಾಚೆ ಫಾಲೆಟ್ಸ್ ಐಲ್ಯಾಂಡ್ ಅನ್ನುವ ಮರಳಿನ ಪಟ್ಟಿ, ಅದರ ಹಿಂದೆ ಈ ನೀರು. ಕಣ್ಣಿಗೆ ಸಮುದ್ರದ ಹಾಗೆ ಕಾಣುತ್ತದೆ. ಇಳಿದರೆ ಮೊಣಕಾಲು. ಕೆಳಗೆ ಒಂದು ಕಡೆ ಹುಲ್ಲು, ಒಂದು ಕಡೆ ಕಾಲು ಹೂತುಹೋಗುವ ಕೆಸರು, ಇನ್ನೊಂದು ಕಡೆ ಬ್ಲೇಡಿನಂಥ ಆಯ್‌ಸ್ಟರ್ ಚಿಪ್ಪಿನ ದಿಬ್ಬ. ಈ ಮೂರಕ್ಕೂ ಒಗ್ಗುವ ದೋಣಿ ಬೇಕು.

ಅಂಗಡಿಗೆ ಹೋದರೆ ಎಲ್ಲರೂ ಉದ್ದದ ಬಗ್ಗೆ ಮಾತಾಡುತ್ತಾರೆ. 16 ಅಡಿ, 17 ಅಡಿ, ಎಷ್ಟು ಹಾರ್ಸ್‌ಪವರ್ ಇತ್ಯಾದಿ. ಒಬ್ಬ ಸೇಲ್ಸ್‌ಮನ್ ನನಗೆ 17 ಅಡಿಯದ್ದನ್ನು ತೋರಿಸಿ "ಬರೀ ನಾಲ್ಕು ಇಂಚು ನೀರು ಸಾಕು ಇದಕ್ಕೆ" ಅಂದ. ಖಾಲಿ ಇದ್ದಾಗ ಹೌದು. ಖಾಲಿ ದೋಣಿಯಲ್ಲಿ ಯಾರು ಶಿಕಾರಿಗೆ ಹೋಗುತ್ತಾರೆ ಮಾರಾಯ್ರೆ?

ಎಷ್ಟೋ ದಿನ ಕಳೆದು ಕಾಗದದ ಮೇಲೆ ಲೆಕ್ಕ ಹಾಕಿದೆ. ಚಪ್ಪಟೆ ತಳದ ಈ ದೋಣಿಗಳಿಗೆ ಇಲ್ಲಿ ಜಾನ್ ಬೋಟ್ ಅನ್ನುತ್ತಾರೆ, ಹೆಸರಿನಲ್ಲೇ ಅಳತೆ ಇರುತ್ತದೆ: 1448 ಅಂದರೆ 14 ಅಡಿ ಉದ್ದ, ತಳದ ಅಗಲ 48 ಇಂಚು. ಮೂತಿ ಮೇಲಕ್ಕೆ ಬಾಗಿರುವುದರಿಂದ ನೀರಿಗೆ ಪೂರ್ತಿ ಕೂರುವ ತಳ ಸುಮಾರು 45 ಚದರ ಅಡಿ ಅಂತ ಇಟ್ಟುಕೊಳ್ಳಿ. ಒಂದು ಘನ ಅಡಿ ಉಪ್ಪುನೀರು 64 ಪೌಂಡ್ ತೂಗುತ್ತದೆ. ಅಂದರೆ ಪ್ರತಿ 240 ಪೌಂಡಿಗೆ ದೋಣಿ ಒಂದು ಇಂಚು ಇಳಿಯುತ್ತದೆ. ಈಗ ತೂಕ ಸೇರಿಸುತ್ತಾ ಹೋಗಿ. ತಗಡು 280, ಎಂಜಿನ್ 115, ಚಳಿ ಬಟ್ಟೆ ಮತ್ತು ವೇಡರ್ (ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು) ಹಾಕಿಕೊಂಡ ಇಬ್ಬರು ಗಂಡಸರು 400, ನಾಯಿ 70, ನಿಜವಾದ ಬಾತುಗಳನ್ನು ಮರುಳು ಮಾಡಲು ನೀರಲ್ಲಿ ತೇಲಿಬಿಡುವ ಪ್ಲಾಸ್ಟಿಕ್ ಬಾತುಗಳು 60, ಪೆಟ್ರೋಲು, ಬ್ಯಾಟರಿ, ಲಂಗರು, ಕೋವಿ, ತೋಟೆ, ಫ್ಲಾಸ್ಕು, ಚಿತ್ರಾನ್ನದ ಡಬ್ಬಿ ಎಲ್ಲ ಸೇರಿ ಇನ್ನೊಂದು 130. ಹತ್ತಿರ ಹತ್ತಿರ 1055 ಪೌಂಡ್. ನಾಲ್ಕೂವರೆ ಇಂಚು ಬಂತು. ಎಂಜಿನ್ ಇರುವ ಹಿಂಬದಿ ಭಾರ ಜಾಸ್ತಿ, ಅಲ್ಲಿ ಆರು ಇಂಚು ಅಂತಲೇ ಹಿಡಿಯಬೇಕು. ಅದೇ 14 ಅಡಿಯಲ್ಲಿ 36 ಇಂಚಿನ ತಳದ್ದಾದರೆ 180 ಪೌಂಡಿಗೇ ಒಂದು ಇಂಚು ಮುಳುಗುತ್ತದೆ.

ಆಳ ಕಡಿಮೆ ಬೇಕು ಅಂದರೆ ಉದ್ದ ಹುಡುಕಬೇಡಿ. ಅಗಲ ಹುಡುಕಿ, ತೂಕ ಇಳಿಸಿ. ಇದು ನನಗೆ ಹೊಳೆದದ್ದು ತಡವಾಗಿ. ಯಾಕೆಂದರೆ ನಾನು ಮೊದಲು ತಂದದ್ದು 1436ನ್ನೇ!

ಅಗ್ಗಕ್ಕೆ ಸಿಕ್ಕಿತು, ಒಬ್ಬನೇ ಎತ್ತಬಹುದು ಅಂತ ತಂದೆ. ಒಬ್ಬನೇ ಹೋದರೆ ಅದು ಚಿನ್ನದಂಥ ದೋಣಿ. ಗೆಳೆಯನನ್ನೂ ಅವನ ಲ್ಯಾಬ್ರಡಾರನ್ನೂ ಹತ್ತಿಸಿಕೊಂಡು ಹೋದ ಮೊದಲ ದಿನ, ಒಂದು ಬಾತು ಬಿದ್ದ ಕೂಡಲೇ ನಾಯಿ ಅಪ್ಪಣೆಗೂ ಕಾಯದೆ ಎಡಕ್ಕೆ ಹಾರಿತು. ನಾವಿಬ್ಬರೂ ಅದೇ ಕಡೆ ವಾಲಿದ್ದೆವು. ಅಂಚು ನೀರಿಗೆ ತಾಗಿ, ಎರಡು ಬಕೆಟ್ಟಿನಷ್ಟು ತಣ್ಣೀರು ಒಳಗೆ ಬಂತು. ನೀರು ಸೊಂಟದವರೆಗೂ ಇರಲಿಲ್ಲ, ಹಾಗಾಗಿ ಏನೂ ಆಗಲಿಲ್ಲ. ಅದೇ ಕಾಲುವೆ ನಡುವೆ ಆಗಿದ್ದರೆ, ಜನವರಿ ಚಳಿಯಲ್ಲಿ, ವೇಡರ್ ಒಳಗೆ ನೀರು ತುಂಬಿ... ಬೇಡ ಬಿಡಿ. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಕಾನೂನಿಗೆ ಸಾಕು, ಆದರೆ ನಾನು ಅವತ್ತಿನಿಂದ ಮೈಮೇಲೇ ಹಾಕಿಕೊಳ್ಳುತ್ತೇನೆ.

ಆ ದೋಣಿ ಮಾರಿ, ಎರಡು ತಿಂಗಳು ಕಾದು, ಈಗಿನ 1448 ತಂದೆ. ಸೆಕೆಂಡ್ ಹ್ಯಾಂಡ್. ದೋಣಿ, ಟ್ರೇಲರ್, 20 ಹಾರ್ಸ್‌ಪವರಿನ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ಎಲ್ಲ ಸೇರಿ 3,400 ಡಾಲರ್. ಕಂಪನಿ ಹೆಸರು ಬರೆಯುವುದಿಲ್ಲ, ಈ ಅಳತೆಯಲ್ಲಿ ನಾಲ್ಕೈದು ಕಂಪನಿಯವು ಅಕ್ಕಪಕ್ಕ ನಿಲ್ಲಿಸಿದರೆ ಸ್ಟಿಕರ್ ನೋಡಿಯೇ ಗುರುತಿಸಬೇಕು. ನೋಡಬೇಕಾದ್ದು ಬೇರೆ. ಒಂದು, ತಗಡಿನ ದಪ್ಪ. ನನ್ನದು 0.080 ಇಂಚು. ಇದಕ್ಕಿಂತ ತೆಳು ತಗಡು ಕೆರೆಗೆ ಸರಿ, ಚಿಪ್ಪಿನ ದಿಬ್ಬಕ್ಕೆ ಬೇಡ. ಇನ್ನೊಂದು, ರಿವೆಟ್ಟೋ ವೆಲ್ಡಿಂಗೋ ಅನ್ನುವುದು. ವೆಲ್ಡಿಂಗ್ ಆದರೆ ಒಳ್ಳೆಯದು, ರೇಟೂ ಜಾಸ್ತಿ. ನನ್ನದು ರಿವೆಟ್.

ಹಳೆಯ ರಿವೆಟ್ ದೋಣಿ ಕೊಳ್ಳುವವರಿಗೆ ಒಂದು ಉಪಾಯ. ದೋಣಿಯನ್ನು ನೀರಿಗಿಳಿಸಿ ನೋಡುವುದಲ್ಲ, ನೀರನ್ನೇ ದೋಣಿಯೊಳಗೆ ಬಿಡಿ. ಟ್ರೇಲರ್ ಮೇಲೆ ಇರುವಾಗಲೇ ಹಿಂದಿನ ಬಿರಡೆ ಹಾಕಿ, ಪೈಪಿನಿಂದ ಮೂರು ಇಂಚು ನೀರು ತುಂಬಿಸಿ, ಕೆಳಗೆ ಅಂಗಾತ ಮಲಗಿ ಟಾರ್ಚ್ ಹಾಕಿ ನೋಡಿ. ನನ್ನದರಲ್ಲಿ ಐದು ರಿವೆಟ್ ಬೆವರುತ್ತಿದ್ದವು. ಮೊದಲು ತೇವ, ಆಮೇಲೆ ಸಣ್ಣ ಮಣಿ, ಆಮೇಲೆ ಮೂಗಿನ ಮೇಲೆ ಟಪ್. ಹೆಂಡತಿಯ ಕೆಂಪು ನೇಲ್ ಪಾಲಿಶ್ ತಂದು ಒಂದೊಂದಕ್ಕೂ ಬೊಟ್ಟಿಟ್ಟೆ. ಒಣಗಿಸಿ, ಉಜ್ಜಿ, ಒಳಗಡೆಯಿಂದ ಎಪಾಕ್ಸಿ ಬಳಿದೆ. ಮೂರು ಸೀಸನ್ ಆಯಿತು, ಒಂದು ಹನಿ ಇಲ್ಲ. ಎಪಾಕ್ಸಿ ಬಳಿಯುವಾಗ ಊರಲ್ಲಿ ಮಳೆಗಾಲಕ್ಕೆ ಮುಂಚೆ ದೋಣಿ ಮಗುಚಿ ಹಾಕಿ ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದದ್ದು, ಕೈಗೆ ತಾಗಿದರೆ ಚರ್ಮ ಸುಲಿಯುತ್ತಿದ್ದದ್ದು, ಆ ವಾಸನೆ, ಎಲ್ಲ ನೆನಪಾಯಿತು. ಅಮ್ಮನಿಗೆ ಫೋಟೋ ಕಳಿಸಿದೆ. "ಇದೆಂತ ಮಗಾ, ದನದ ಅಕ್ಕಚ್ಚಿನ ಬಾನಿ ಇದ್ದಂಗ್ ಇತ್ತಲ್ದಾ?" ಅಂದಳು. ನಿಜ ಹೇಳಬೇಕೆಂದರೆ ಹಾಗೇ ಇದೆ.

ಎಂಜಿನ್ ವಿಷಯಕ್ಕೆ ಬರೋಣ, ಜಗಳ ಇರುವುದು ಇಲ್ಲೇ. ಔಟ್‌ಬೋರ್ಡ್ ವೇಗ ಚೆನ್ನಾಗಿದೆ, ಸದ್ದು ಕಡಿಮೆ. ಆದರೆ ಅದರ ಕಾಲು ಕೆಳಗೆ ಇಳಿದಿರುತ್ತದೆ. ದೋಣಿಗೆ ಆರು ಇಂಚು ಸಾಕಾದರೂ ಎಂಜಿನ್ನಿಗೆ ಒಂದು ಅಡಿಗಿಂತ ಜಾಸ್ತಿ ಬೇಕು. ಮೇಲಾಗಿ ಅದು ತಂಪಾಗುವುದೇ ಹೊರಗಿನ ನೀರು ಹೀರಿ. ಕೆಸರು ಹೀರಿದರೆ ಪಂಪಿನ ರಬ್ಬರ್ ರೆಕ್ಕೆ ಸವೆದುಹೋಗುತ್ತದೆ. ಹಿಂದೆ ಸಣ್ಣ ತೂತಿನಿಂದ ನೀರು ಚಿಮ್ಮುತ್ತಾ ಇರಬೇಕು, ಗೆಳೆಯ ಅದಕ್ಕೆ "ಎಂಜಿನ್ ಉಚ್ಚೆ ಹೊಯ್ಯುತ್ತಿದೆಯಾ ನೋಡು" ಅನ್ನುತ್ತಾನೆ. ನಿಂತರೆ ತಕ್ಷಣ ಆಫ್ ಮಾಡಿ.

ಇದಕ್ಕೆ ಬದಲಿ ಮಡ್ ಮೋಟರ್. ಗಾಳಿಯಲ್ಲೇ ತಂಪಾಗುವ ಎಂಜಿನ್ನಿಗೆ ಉದ್ದ ಸರಳು, ತುದಿಯಲ್ಲಿ ಫ್ಯಾನ್. ಲೂಯಿಸಿಯಾನದ ಗೋ-ಡೆವಿಲ್ ಕಂಪನಿಯವರು 1970ರ ದಶಕದಿಂದ ಮಾಡುತ್ತಿದ್ದಾರೆ. ಥಾಯ್ಲೆಂಡಿನ ಉದ್ದಬಾಲದ ದೋಣಿಗಳನ್ನು ನೋಡಿದವರಿಗೆ ಗೊತ್ತಾಗುತ್ತದೆ. ಕೆಸರಿನ ಮೇಲೂ ಎಳೆದುಕೊಂಡು ಹೋಗುತ್ತದೆ, ಸುಳ್ಳಲ್ಲ. ಗೆಳೆಯನದ್ದು 6.5 ಹಾರ್ಸ್‌ಪವರಿನ ಸಣ್ಣ ಎಂಜಿನ್ನಿಗೆ ಥಾಯ್ ಕಿಟ್ ಜೋಡಿಸಿದ್ದು. ಅಗ್ಗ, ಗಟ್ಟಿ, ಆದರೆ ಸದ್ದು ಅಂದರೆ ಅಕ್ಕಿ ಗಿರಣಿಯೊಳಗೆ ಕೂತ ಹಾಗೆ. ನಿಧಾನ ಬೇರೆ. ತಿರುಗಿಸುವಾಗ ಆ ಉದ್ದ ಬಾಲಕ್ಕೆ ಇಡೀ ಮೈ ಹಾಕಬೇಕು.

ನಾನು ಔಟ್‌ಬೋರ್ಡನ್ನೇ ಉಳಿಸಿಕೊಂಡೆ. ಕಾರಣ ಹುಲ್ಲು. ಟೆಕ್ಸಸ್‌ನಲ್ಲಿ 2013ರಿಂದ ದೋಣಿಯ ಫ್ಯಾನಿನಿಂದ ಸಮುದ್ರದ ಹುಲ್ಲು ಕಿತ್ತರೆ ದಂಡ. ಯಾವ ಮೋಟರ್ ಆದರೂ ಹುಲ್ಲಿನ ಮೇಲೆ ಉಳುಮೆ ಮಾಡುವ ಹಾಗಿಲ್ಲ. ಹೇಗೂ ಕೊನೆಯ ನೂರು ಇನ್ನೂರು ಅಡಿ ಎಂಜಿನ್ ಎತ್ತಿ ಕೋಲು ಹಾಕಿ ತಳ್ಳಲೇಬೇಕು. ಅದು ನನಗೆ ಚಿಕ್ಕಂದಿನಿಂದ ಬರುತ್ತದೆ. ಗೆಳೆಯನಿಗೆ ಬರುವುದಿಲ್ಲ, ಅವನು ಕೋಲನ್ನು ಕೆಸರಿನಲ್ಲಿ ನೆಟ್ಟು ದೋಣಿಯನ್ನು ಮುಂದೆ ಕಳಿಸಿ ತಾನು ಕೋಲಿಗೆ ನೇತಾಡುತ್ತಾನೆ. ಕೆಸರೇ ಜಾಸ್ತಿ ಇರುವ ಕಡೆ ಹೋಗುವವರು ಮಾತ್ರ ಯೋಚನೆ ಮಾಡದೆ ಮಡ್ ಮೋಟರ್ ತಗೊಳ್ಳಿ.

ಈಗ ಗಾಳಿ. ಊರಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಪಂಚಾಂಗ ನೋಡಿದರೆ ಲೆಕ್ಕ ಸಿಗುತ್ತದೆ. ಇಲ್ಲಿ ಭರತ ಇಳಿತದ ವ್ಯತ್ಯಾಸವೇ ಒಂದೆರಡು ಅಡಿ, ಕೆಲವು ದಿನ ಒಂದೇ ಸಲ. ನೀರನ್ನು ಆಡಿಸುವುದು ಗಾಳಿ. ಚಳಿಗಾಲದಲ್ಲಿ ಉತ್ತರದ ಗಾಳಿ ಎದ್ದರೆ, ಇದಕ್ಕೆ ನಾರ್ದರ್ ಅನ್ನುತ್ತಾರೆ, ಹಿನ್ನೀರನ್ನೆಲ್ಲ ಸಮುದ್ರಕ್ಕೆ ತಳ್ಳಿಬಿಡುತ್ತದೆ. ಬಾತುಗಳು ಚೆನ್ನಾಗಿ ಹಾರುವುದೂ ಅದೇ ದಿನ. ಎರಡನೇ ಸೀಸನ್ನಿನಲ್ಲಿ ಒಂದು ದಿನ ಬೆಳಿಗ್ಗೆ ಐದಕ್ಕೆ ಸೊಗಸಾಗಿ ಒಳಗೆ ಹೋದೆವು. ಹತ್ತು ಗಂಟೆಗೆ ನೋಡಿದರೆ ದೋಣಿ ಕೆಸರಿನ ಮೇಲೆ ಕೂತಿದೆ, ಸುತ್ತ ಕಾಲುಗುರುತು ಮೂಡುವಷ್ಟು ನೀರು. ಮೊಬೈಲಿನಲ್ಲಿ ಟೈಡ್ ಚಾರ್ಟ್ ನೋಡಿದರೆ ನೀರು ಏರುತ್ತಿದೆಯಂತೆ!

ಆವತ್ತು ಈ ದೋಣಿಯ ಬೆಲೆ ಗೊತ್ತಾಯಿತು. ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಬಾತಿನ ಚೀಲ ಎಲ್ಲ ಹೆಗಲಿಗೆ ಹಾಕಿ ಕಾಲುವೆವರೆಗೆ ಎರಡು ಸಲ ಹೊತ್ತು ಇಟ್ಟು ಬಂದೆವು. ಆಮೇಲೆ ಖಾಲಿ ದೋಣಿಗೆ ಹಗ್ಗ ಕಟ್ಟಿ ಇಬ್ಬರೂ ಎಳೆದೆವು. ಚಪ್ಪಟೆ ತಳ ಕೆಸರಿನ ಮೇಲೆ ಜಾರುತ್ತದೆ, ಎರಡು ಹೆಜ್ಜೆ ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು. ಒಂದೂವರೆ ಗಂಟೆ ಹಿಡಿಯಿತು. ನಾಯಿ ಮಾತ್ರ ಒಳಗೆ ಕೂತು ಮಹಾರಾಜನ ಹಾಗೆ ನೋಡುತ್ತಿತ್ತು. ಆ 17 ಅಡಿಯದ್ದು, ಅದರ ದೊಡ್ಡ ಎಂಜಿನ್ ಸಮೇತ ತಂದಿದ್ದರೆ ಗಾಳಿ ತಿರುಗುವವರೆಗೆ ಅಲ್ಲೇ ಕಾಯಬೇಕಿತ್ತು.

ಇದರ ತೊಂದರೆಗಳನ್ನೂ ಹೇಳಬೇಕಲ್ಲ. ಚೌಕ ಮೂತಿ, ಹಾಗಾಗಿ ಅಲೆ ಎದ್ದರೆ ಬೆನ್ನುಮೂಳೆ ಎಣಿಸಬಹುದು. ಬಯಲು ನೀರಿನಲ್ಲಿ ಗಾಳಿ ಜೋರಿದ್ದ ದಿನ ಹೋಗಲೇಬೇಡಿ. ತಗಡು ಸದ್ದು ಮಾಡುತ್ತದೆ, ಒಂದು ತೋಟೆ ಕೈಜಾರಿ ಬಿದ್ದರೂ ದೇವಸ್ಥಾನದ ಗಂಟೆ. ತಳಕ್ಕೆ ಹಳೆಯ ಯೋಗ ಮ್ಯಾಟ್ ಅಂಟಿಸಿದ್ದೇನೆ. ಉಪ್ಪುನೀರು ಬೇರೆ ಸುಮ್ನೆ ಬಿಡುವುದಿಲ್ಲ, ಪ್ರತಿ ಸಲ ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯಲೇಬೇಕು, ಎಂಜಿನ್ ಒಳಗೂ.

ಅಲೆಗೆ ಒಳ್ಳೆಯ ದೋಣಿ ಬೇಕು ಅನ್ನುವವರಿಗೆ ಸ್ನೀಕ್‌ಬಾಕ್ಸ್ ಇದೆ. ನ್ಯೂಜೆರ್ಸಿಯಲ್ಲಿರುವ ಭಾವನ ಮನೆಗೆ ಹೋದಾಗ ಟಕರ್‌ಟನ್ ಸೀಪೋರ್ಟ್ ಮ್ಯೂಸಿಯಮ್ಮಿನಲ್ಲಿ ನೋಡಿದೆ. 1836ರ ಸುಮಾರಿಗೆ ಹೇಜಲ್ಟನ್ ಸೀಮನ್ ಅನ್ನುವ ದೋಣಿ ಕಟ್ಟುವವನು ಬಾರ್ನೆಗಟ್ ಬೇ ಅನ್ನುವ ಕೊಲ್ಲಿಗೆ ಅಂತ ಮಾಡಿದ್ದು. ಸುಮಾರು 12 ಅಡಿ, ಸೌಟಿನ ಹಾಗೆ ಬಾಗಿದ ತಳ, ಮೇಲೆಲ್ಲ ಹಲಗೆ ಮುಚ್ಚಿ ಮಲಗಲು ಒಂದು ಬಾಯಿ ಬಿಟ್ಟಿದ್ದಾನೆ. ಅಲೆ ಮೇಲಿಂದ ಹರಿದುಹೋಗುತ್ತದೆ, ಹುಲ್ಲು ಹೊದಿಸಿದರೆ ದೋಣಿಯೇ ಕಾಣುವುದಿಲ್ಲ. ಅರ್ಧ ಗಂಟೆ ಅದರ ಸುತ್ತಲೇ ಸುತ್ತಿದೆ. ಆದರೆ ಅದು ಒಬ್ಬನ ದೋಣಿ, ಹಾಗೂ ನನ್ನ ಹೊಟ್ಟೆ ಆ ಬಾಯಿಯೊಳಗೆ ಇಳಿಯುವುದು ಅನುಮಾನ. ಕಯಾಕ್ ಬಗ್ಗೆ ಕೇಳಬೇಡಿ, ಬೆನ್ನು ನೋವಿನವನು ನಾನು.

ಟ್ರೇಲರ್ ಕತೆ. ಮಾರಿದವನು "ಬೇರಿಂಗ್ ಹೊಸದು" ಅಂದಿದ್ದ. ನಂಬಿದೆ. ಮೂರನೇ ಸಲ ಹೋಗಿ ಬರುವಾಗ, 288ರಲ್ಲಿ, ಕನ್ನಡಿಯಲ್ಲಿ ಹೊಗೆ ಕಂಡಿತು. ನಿಲ್ಲಿಸಿ ನೋಡಿದರೆ ಎಡಗಡೆ ಚಕ್ರ ಓರೆಯಾಗಿ ನಿಂತಿದೆ, ಗ್ರೀಸ್ ಬದಲು ಉಪ್ಪು ಬೆರೆತ ಕಂದು ಗಂಜಿ. ಬಿಸಿ ಚಕ್ರ ತಣ್ಣನೆಯ ಉಪ್ಪುನೀರಿಗೆ ಇಳಿದಾಗಲೆಲ್ಲ ಒಳಗೆ ನೀರು ಎಳೆದುಕೊಳ್ಳುತ್ತದೆ, ಅದಕ್ಕೇ ಹೀಗೆ. ಈಗ ಹೋಗುವಾಗ ಪೆಟ್ರೋಲ್ ಹಾಕಿಸಲು ನಿಂತಾಗ ಚಕ್ರದ ನಡುವೆ ಅಂಗೈ ಇಟ್ಟು ನೋಡುತ್ತೇನೆ. ಇಡಲಾಗದಷ್ಟು ಬಿಸಿ ಇದ್ದರೆ ಕೆಲಸ ಕೆಟ್ಟಿದೆ ಅಂತ. ಬಣ್ಣ ಬಳಿದ ಕಬ್ಬಿಣದ್ದು ಬೇಡ, ಕಡಲಿಗೆ ಗ್ಯಾಲ್ವನೈಸ್ಡ್ ಟ್ರೇಲರೇ ಆಗಬೇಕು. ನಾನು ಕೊನೆಗೆ 900 ಡಾಲರ್ ಕೊಟ್ಟು ಅಂಥದ್ದೊಂದು ತಂದೆ.

ದೋಣಿಗೆ ಐದಕ್ಕೆ ನಾಲ್ಕೂವರೆ. ಮಾರಾಟಕ್ಕಿಲ್ಲ. ಹಳೆಯ ಟ್ರೇಲರ್ ಹಿತ್ತಲಲ್ಲಿ ಇನ್ನೂ ಬಿದ್ದಿದೆ, ಹ್ಯೂಸ್ಟನ್ ಕಡೆಯವರು ಯಾರಿಗಾದರೂ ಬೇಕಿದ್ದರೆ ಪುಕ್ಕಟೆ ಎಳೆದುಕೊಂಡು ಹೋಗಿ. ಬಲಗಡೆ ಬೇರಿಂಗ್ ಹೊಸದು.